ಊರ ಗೋಡೆಯ ಮೇಲೆ ಮೊದಲ ಪ್ರದರ್ಶನ: ಗದಗ ಸೀಮೆಯ ಚಿತ್ರಕಾರರಿಗೊಂದು ಕೈಪಿಡಿ

ಗದಗ ಸೀಮೆಯಲ್ಲಿ ಚಿತ್ರಕಲೆಯ ಓದು ಮುಗಿಸಿದವರು, ಮನೆಯ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಕ್ಯಾನ್ವಾಸು ಒರಗಿಸಿಟ್ಟುಕೊಂಡು ಮೊದಲು ವಿಚಾರಿಸುವುದು ಬೆಂಗಳೂರಿನ ಗ್ಯಾಲರಿ ಬಾಡಿಗೆಯನ್ನು. ಬೆಂಗಳೂರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆ ದಾರಿಯ ವಿವರವೂ ಮುಂದೆ ಬರುತ್ತದೆ. ಆದರೆ ಮೊದಲ ಪ್ರದರ್ಶನ ಗದಗ-ಬೆಟಗೇರಿಯಲ್ಲೋ ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿ, ಮುಂಡರಗಿಯಲ್ಲೋ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹತ್ತು ವರ್ಷ ನಿಮಗೆ ಕೆಲಸ ಕೊಡುವವರು ಇಲ್ಲಿಯ ಶಾಲೆಗಳು, ಮಠಗಳು, ದವಾಖಾನೆಗಳು, ಮುದ್ರಣಾಲಯಗಳು, ಹೊಸ ಮನೆ ಕಟ್ಟಿಸಿದ ನೌಕರರು. ಅವರ ಕಣ್ಣಿಗೆ ನಿಮ್ಮ ಚಿತ್ರ ಒಮ್ಮೆಯಾದರೂ ಗೋಡೆಯ ಮೇಲೆ ಬಿದ್ದಿರಬೇಕು.

ಚಿತ್ರ ಬರೆದು ಬದುಕಿದವರು ಈ ಭಾಗದಲ್ಲಿ ಹಿಂದೆಯೂ ಇದ್ದರು. ಜಿ.ಎಸ್. ದಂಡಾವತಿಮಠರು ಮುಂಬೈಯಲ್ಲಿ ನಡೆಸುತ್ತಿದ್ದ ನೂತನ ಕಲಾಮಂದಿರ ಕನ್ನಡದ ಹಲವು ಹುಡುಗರನ್ನು ಕೈಹಿಡಿದು ನಡೆಸಿತು. ಕಲಬುರಗಿಯ ಎಸ್.ಎಂ. ಪಂಡಿತರು ಅಲ್ಲಿ ಕಲಿತವರು. ಸಿನಿಮಾ ಪೋಸ್ಟರು, ಕ್ಯಾಲೆಂಡರು ಚಿತ್ರಗಳಿಂದ ದೇಶಕ್ಕೇ ಪರಿಚಿತರಾದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ಕಟ್ಟಿದರು. ಅಕ್ಕಿಯವರ ವಿಜಯ ಕಲಾಮಂದಿರದ ಹೆಸರು ಗದಗಿನಲ್ಲಿ ಗೊತ್ತಿಲ್ಲದವರು ಕಡಿಮೆ. ಉತ್ತರ ಕರ್ನಾಟಕದ ಎಷ್ಟೋ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದ. ಮಿಣಜಿಗಿಯವರಲ್ಲಿ ಕಲಿತ ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ತೆರೆದರು.

ಮಾಸ್ತರಿಕೆಯ ಜೊತೆಗೆ ಬೇರೆ ದುಡಿಮೆಗಳೂ ಇದ್ದವು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಕಂಪನಿ ನಾಟಕ ಎಂದಮೇಲೆ ಅರಮನೆ, ಅಡವಿ, ಬೀದಿಯ ಪರದೆ ಬರೆಯುವವರು ಬೇಕು. ಗದಗ ಮುದ್ರಣಕ್ಕೆ ಹೆಸರಾದ ಊರು. ಶಾಬಾದಿಮಠದಂಥ ಪ್ರಕಾಶಕರ ಬಯಲಾಟ, ಭಜನೆ, ಪುರಾಣದ ಪುಸ್ತಕಗಳಿಗೆ ಮುಖಪುಟ ಬರೆಯುವ ಕೈ ಬೇಕಿತ್ತು. ಪೇಟೆಯಲ್ಲಿ ಅಂಗಡಿಯ ಬೋರ್ಡು, ಲಾರಿಯ ಹಿಂಬದಿಯ ಚಿತ್ರ, ಚುನಾವಣೆ ಬಂದರೆ ಗೋಡೆಬರಹ. ಪರದೆಯ ಕಾಲ ಮುಗಿಯಿತು. ಬೋರ್ಡನ್ನು ಫ್ಲೆಕ್ಸ್ ನುಂಗಿತು. ಸ್ವಂತ ಚಿತ್ರವನ್ನೇ ಮಾರಿ ಬದುಕುವ ದಾರಿಯನ್ನು ಈಗಿನವರು ತಾವೇ ಮಾಡಿಕೊಳ್ಳಬೇಕಾಗಿದೆ.

ಕಾಲ ಮತ್ತು ಜಾಗ

ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಇದು ಪ್ರದರ್ಶನಕ್ಕೆ ತಕ್ಕ ಕಾಲ. ಮಳೆ ನಿಂತಿರುತ್ತದೆ, ಬಿಸಿಲು ಏರಿರುವುದಿಲ್ಲ, ಶಾಲೆಗಳಲ್ಲಿ ಪರೀಕ್ಷೆಯ ಗಡಿಬಿಡಿ ಶುರುವಾಗಿರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಂಗಲ ಕಾರ್ಯಾಲಯಗಳೆಲ್ಲ ಮದುವೆಗೆ ಮೀಸಲು. ತಗಡಿನ ಚಾವಣಿಯ ಸಭಾಭವನದಲ್ಲಿ ಮಧ್ಯಾಹ್ನ ಅಕ್ರಿಲಿಕ್ ಬಣ್ಣವೇ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಮುಂಗಾರಿನಲ್ಲಿ ಕಪ್ಪತಗುಡ್ಡದ ಸುತ್ತ ಬೀಸುವ ಗಾಳಿ ಗಾಳಿಯಂತ್ರಗಳಿಗೆ ಒಳ್ಳೆಯದು, ಪೆಂಡಾಲಿಗೆ ಅಲ್ಲ. ಚಳಿಗಾಲಕ್ಕೆ ಇನ್ನೊಂದು ಅನುಕೂಲವಿದೆ. ಗದಗಿನಿಂದ ಲಕ್ಷ್ಮೇಶ್ವರದ ಕಡೆ ಹೋಗುವಾಗ ಸಿಗುವ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕಾಲವದು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಹೊರಗಿನ ಜನ, ಕ್ಯಾಮೆರಾ ಹಿಡಿದವರು, ಶಾಲಾ ಮಕ್ಕಳು ಆ ದಾರಿಯಲ್ಲಿ ಓಡಾಡುತ್ತಾರೆ. ಪ್ರದರ್ಶನದ ಒಂದು ಭಿತ್ತಿಪತ್ರ ಆ ದಾರಿಯ ಚಹದಂಗಡಿಗಳಲ್ಲಿ ಇರಲಿ.

ಗ್ಯಾಲರಿ ಎಂದು ಹೆಸರಿಟ್ಟ ಕಟ್ಟಡವೇ ಬೇಕೆಂದು ಕಾಯುತ್ತ ಕೂರಬೇಡಿ. ಹೈಸ್ಕೂಲಿನ ಉದ್ದನೆಯ ಕೋಣೆ, ಕಾಲೇಜಿನ ಸಭಾಂಗಣ, ಮಠದ ಅನುಭವ ಮಂಟಪ, ಸಂಘದ ಕಟ್ಟಡ, ಗ್ರಂಥಾಲಯದ ಓದುವ ಮನೆ ಯಾವುದಾದರೂ ಆದೀತು. ಗದಗಿನ ತೋಂಟದಾರ್ಯ ಮಠ ಪುಸ್ತಕ ಪ್ರಕಟಣೆಗೂ ಶಿವಾನುಭವ ಗೋಷ್ಠಿಗಳಿಗೂ ಹೆಸರಾದದ್ದು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ, ಮುಸ್ಲಿಂ ಇಬ್ಬರೂ ಭಕ್ತರು. ಮುಂಡರಗಿಯ ಅನ್ನದಾನೀಶ್ವರ ಮಠ ಶಿಕ್ಷಣ ಸಂಸ್ಥೆಗಳನ್ನು ನಡೆಸುತ್ತದೆ. ಇಂಥ ಕಡೆ ನೇರವಾಗಿ ಹೋಗಿ ಸ್ವಾಮಿಗಳನ್ನೋ ಕಾರ್ಯದರ್ಶಿಯವರನ್ನೋ ಕಂಡು, ಚಿತ್ರಗಳ ಫೋಟೋ ತೋರಿಸಿ, ದಿನಾಂಕ ಬರೆದ ಮನವಿ ಪತ್ರ ಕೊಟ್ಟು ಕೇಳಬೇಕು. ಜಾತ್ರೆಯ ದಿನಗಳಲ್ಲಿ ಕೇಳಬೇಡಿ. ಜನ ಬಹಳ ಬರುತ್ತಾರೆ ಎಂಬುದು ನಿಜ, ಆದರೆ ಆ ನೂಕುನುಗ್ಗಲಿನಲ್ಲಿ ಚಿತ್ರದ ಮುಂದೆ ಯಾರೂ ಅರೆನಿಮಿಷ ನಿಲ್ಲಲಾರರು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಸ್ಥಾನದ ಆವರಣ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಪುಲಿಗೆರೆ ಉತ್ಸವ, ಲಕ್ಕುಂಡಿ ಉತ್ಸವ ನಡೆಯುವ ವರ್ಷಗಳಲ್ಲಿ ಸಂಘಟಕರನ್ನು ಎರಡು ತಿಂಗಳು ಮುಂಚೆ ಕಂಡರೆ ಚಿತ್ರಗಳಿಗೊಂದು ಮೂಲೆ ಸಿಕ್ಕೀತು. ಹಳೆಯ ದೇಗುಲದ ಕಲ್ಲಿಗೆ ಮಾತ್ರ ಮೊಳೆ, ಟೇಪು, ಹಗ್ಗ ಯಾವುದೂ ತಾಗಕೂಡದು. ಚಿತ್ರಗಳು ತಮ್ಮದೇ ಚೌಕಟ್ಟಿನ ಮೇಲೆ ನಿಲ್ಲಬೇಕು, ಅನುಮತಿ ಬರಹದಲ್ಲಿ ಕೈಯಲ್ಲಿರಬೇಕು.

ಜಾಗ ನೋಡಲು ಹೋದಾಗ ಒಂದು ಸಲ ಬೆಳಿಗ್ಗೆ ಹತ್ತಕ್ಕೆ, ಇನ್ನೊಂದು ಸಲ ಸಂಜೆ ನಾಲ್ಕಕ್ಕೆ ಹೋಗಿ. ಪಡುವಣ ಕಿಟಕಿಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಆ ಗೋಡೆಗೆ ಜಲವರ್ಣದ ಚಿತ್ರ ತೂಗುಹಾಕಬಾರದು. ಪ್ಲಗ್ಗು ಎಷ್ಟಿವೆ, ರಾತ್ರಿ ಬೀಗ ಯಾರ ಕೈಯಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ, ಕುಂಟುವವರು ಹತ್ತಿ ಬರುವಂತಿದೆಯೇ ಎಂದು ನೋಡಿಕೊಳ್ಳಿ. ಮೂರು ದಿನ ನಡೆಯಲಿ, ಅದರಲ್ಲೊಂದು ಭಾನುವಾರ ಇರಲಿ. ಒಂದೇ ದಿನದ ಪ್ರದರ್ಶನಕ್ಕೆ ಮಾಡಿದ ಖರ್ಚು ನೀರಿಗೆ ಹೋದಂತೆ. ಮೊದಲ ದಿನ ಬಂದವರು ಮನೆಗೆ ಹೋಗಿ ಹೇಳಿ, ಅವರ ಮನೆಯವರು ಎರಡನೇ ದಿನ ಬರುತ್ತಾರೆ, ಕೊಳ್ಳುವ ಮಾತು ಮೂರನೇ ದಿನ ಆಗುತ್ತದೆ.

ನಾಲ್ಕೈದು ಗೆಳೆಯರು ಕೂಡಿ ಮಾಡುವುದಾದರೆ ನನ್ನದೊಂದು ಸಲಹೆ: ಒಂದೇ ಊರಿಗೆ ನಿಲ್ಲಿಸಬೇಡಿ. ಗದಗಿನಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್, ಮುಂಡರಗಿಯೂ ಹೆಚ್ಚುಕಡಿಮೆ ಅಷ್ಟೇ, ಶಿರಹಟ್ಟಿ ಇನ್ನೂ ಹತ್ತಿರ. ಅದೇ ಮೂವತ್ತು ಚಿತ್ರ, ಅದೇ ಪ್ಯಾನೆಲ್, ಅದೇ ದೀಪ ಒಂದು ಸಣ್ಣ ಟೆಂಪೋದಲ್ಲಿ ನಾಲ್ಕು ವಾರಾಂತ್ಯ ನಾಲ್ಕು ಊರು ತಿರುಗಬಹುದು. ಪ್ಯಾನೆಲ್ಲಿನ ಖರ್ಚು ನಾಲ್ಕಕ್ಕೆ ಹಂಚಿಹೋಗುತ್ತದೆ. ಮುಂಡರಗಿಯವರು ತುಂಗಭದ್ರೆಯ ದಂಡೆಯ ಚಿತ್ರವನ್ನೂ ಲಕ್ಷ್ಮೇಶ್ವರದವರು ಸೋಮೇಶ್ವರದ ಚಿತ್ರವನ್ನೂ ನೋಡುವ ಬಗೆಯೇ ಬೇರೆ. ‘ಕೊರ್ಲಹಳ್ಳಿ ಹೊಳಿ ಹಿಂಗ ತಿರುಗೂದಿಲ್ರಿ’ ಎಂದು ಹೇಳಬಲ್ಲ ನೋಡುಗ ಬೇರೆ ಎಲ್ಲೂ ಸಿಗುವುದಿಲ್ಲ. ಅಮೂರ್ತ ಚಿತ್ರ ಬರೆಯುವವರು ಹೆದರಬೇಕಿಲ್ಲ. ಕೌದಿ, ಇಳಕಲ್ ಸೀರೆಯ ದಡಿ ಇವುಗಳ ಬಣ್ಣದ ಹೊಂದಿಕೆ ನೋಡಿ ಬೆಳೆದ ಕಣ್ಣುಗಳಿವು. ಆಕಾರವಿಲ್ಲದ ಬಣ್ಣದ ಮುಂದೆಯೂ ನಿಲ್ಲುತ್ತವೆ.

ತೂಗುಹಾಕುವ ಕೆಲಸ

ಸರ್ಕಾರಿ ಸುಣ್ಣದ ಗೋಡೆಗೆ ಮೊಳೆ ಹೊಡೆಯಲು ಯಾರೂ ಬಿಡುವುದಿಲ್ಲ. ಪೆಂಡಾಲಿನವರ ಹತ್ತಿರ ಕಬ್ಬಿಣದ ಚೌಕಟ್ಟು ಬಾಡಿಗೆಗೆ ಸಿಗುತ್ತದೆ. ಅದಕ್ಕೆ ತಂತಿಜಾಲರಿ ಬಿಗಿದು, ಮೇಲೆ ಕೋರಾ ಬಟ್ಟೆ ಎಳೆದು ಕಟ್ಟಿದರೆ ಗೋಡೆ ಸಿದ್ಧ. ಕೆಂಪು, ಹಳದಿ ಸ್ಯಾಟಿನ್ ಬಟ್ಟೆ ತರುತ್ತೇವೆ ಎಂದರೆ ಬೇಡವೆನ್ನಿ, ಅದು ಚಿತ್ರದ ಬಣ್ಣವನ್ನು ಕೊಲ್ಲುತ್ತದೆ. ಕೋರಾ ಬಟ್ಟೆ ಬೆಟಗೇರಿಯಂಥ ನೇಕಾರರ ಊರಿನಲ್ಲಿ ಹುಡುಕಿದರೆ ಸಿಗದೆ ಇರದು. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘವೂ ದೂರವಿಲ್ಲ. ದಪ್ಪ ಖಾದಿಯನ್ನು ಚೌಕಟ್ಟಿಗೆ ಬಿಗಿದು ಎರಡು-ಮೂರು ಕೈ ಜೆಸ್ಸೊ ಬಳಿದರೆ ಒಳ್ಳೆಯ ಕ್ಯಾನ್ವಾಸೂ ಆಗುತ್ತದೆ.

ಚಿತ್ರದ ನಡುಭಾಗ ನೆಲದಿಂದ 58 ಇಂಚಿನಷ್ಟು ಎತ್ತರದಲ್ಲಿರಲಿ, ದೊಡ್ಡದಿರಲಿ ಸಣ್ಣದಿರಲಿ. ನಮ್ಮಲ್ಲಿ ದೇವರ ಪಟ ಕಟ್ಟುವ ರೂಢಿಯಿಂದ ಎಲ್ಲವನ್ನೂ ಬಾಗಿಲ ಮೇಲ್ಪಟ್ಟಿಯ ಎತ್ತರಕ್ಕೆ ಏರಿಸುತ್ತಾರೆ. ನೋಡುವವರು ಕತ್ತು ಎತ್ತಿ ಎತ್ತಿ ದಣಿಯುತ್ತಾರೆ. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಒಂದು ಅಡಿಯಾದರೂ ಬಿಡಿ. ಐವತ್ತು ತಂದಿದ್ದೀರಿ ಎಂದು ಐವತ್ತನ್ನೂ ಹಾಕಬೇಡಿ; ಇಪ್ಪತ್ತೈದು ಆರಿಸಿ, ಉಳಿದವನ್ನು ಒಳಗಿಡಿ. ಆರಿಸುವಾಗ ನಿಮಗಿಂತ ನಿಷ್ಠುರವಾದ ಒಬ್ಬ ಗೆಳತಿಯನ್ನೋ ಗುರುಗಳನ್ನೋ ಕರೆಯಿರಿ. ದೀಪಕ್ಕೆ 4,000 ಕೆಲ್ವಿನ್ನಿನ, ಬಣ್ಣ ತೋರಿಸುವ ಅಂಕ 90ಕ್ಕೂ ಮೇಲಿರುವ ಎಲ್‌ಇಡಿ ಕೇಳಿ ತರಬೇಕು. ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುತ್ತದೆ. ಅಗ್ಗದ ಬಲ್ಬಿನ ಕೆಳಗೆ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗುತ್ತದೆ. ದೀಪ ಮೇಲಿನಿಂದ ಓರೆಯಾಗಿ ಬೀಳಲಿ, ಗಾಜು ಹಾಕಿದ ಚಿತ್ರದಲ್ಲಿ ನೋಡುಗನ ಮುಖವೇ ಕಾಣದಂತೆ. ಕರೆಂಟು ಹೋದರೆ ಏನು ಎಂಬುದನ್ನೂ ಮೊದಲೇ ಯೋಚಿಸಿಡಿ.

ಚೀಟಿ ಕನ್ನಡದಲ್ಲಿರಲಿ: ಚಿತ್ರದ ಹೆಸರು, ಮಾಧ್ಯಮ, ಅಳತೆ, ಬರೆದ ವರ್ಷ, ದರ. ದರ ಬರೆಯುವುದು ಕಲೆಗೆ ಅವಮಾನ ಎನ್ನುವ ಹಿರಿಯರಿದ್ದಾರೆ. ಅವರ ಮೇಲೆ ಗೌರವವಿಟ್ಟೇ ನಾನು ಒಪ್ಪುವುದಿಲ್ಲ. ಕೇಳಲು ಸಂಕೋಚಪಟ್ಟು, ‘ಬಾಳ ಚಲೋ ಬರದೀರಿ’ ಎಂದು ಹೇಳಿ ಹೊರಟುಹೋಗುವವರೇ ನಮ್ಮಲ್ಲಿ ಹೆಚ್ಚು. ಅವರಲ್ಲಿ ಕೊಳ್ಳಬಲ್ಲವರೂ ಇರುತ್ತಾರೆ.

ಉದ್ಘಾಟನೆ ಅರ್ಧ ತಾಸಿನಲ್ಲಿ ಮುಗಿಯಬೇಕು. ವೇದಿಕೆ, ಹಾರ, ಶಾಲು, ಎಂಟು ಜನರ ಭಾಷಣ ಎಂದು ಹೊರಟರೆ ಕುರ್ಚಿಗಳು ಚಿತ್ರಕ್ಕೆ ಅಡ್ಡ ಬರುತ್ತವೆ, ಅತಿಥಿಗಳು ಊಟಕ್ಕೆ ಹೋಗುತ್ತಾರೆ, ಗೋಡೆಯನ್ನು ನೋಡಿದವರು ಯಾರೂ ಇರುವುದಿಲ್ಲ. ಅತಿಥಿಯನ್ನು ಮೊದಲು ಚಿತ್ರಗಳ ಮುಂದೆ ನಡೆಸಿಕೊಂಡು ಹೋಗಿ, ಆಮೇಲೆ ಮೈಕು ಕೊಡಿ. ಶಾಲೆಗಳಿಗೆ ಗಂಟೆ ಹಂಚಿ ಕರೆಯಿರಿ, ಮಕ್ಕಳಿಗೆ ಒಂದೊಂದು ಹಾಳೆ, ಪೆನ್ಸಿಲ್ ಕೊಡಿ. ಮೆಚ್ಚಿದ ಚಿತ್ರವನ್ನು ಅವರು ತಮ್ಮ ಕೈಯಲ್ಲಿ ಬರೆಯಲಿ. ಮೂರು ದಿನವೂ ಚಿತ್ರಕಾರರು ಅಲ್ಲೇ ನಿಂತಿರಬೇಕು. ಬಂದವರ ಹೆಸರು, ಊರು, ಫೋನ್ ಬರೆಸುವ ಒಂದು ದಪ್ಪ ವಹಿ ಮೇಜಿನ ಮೇಲಿರಲಿ. ಮುಂದಿನ ವರ್ಷ ಆಮಂತ್ರಣ ಕಳಿಸಲು ಆ ವಹಿಗಿಂತ ಬೆಲೆಬಾಳುವ ಆಸ್ತಿ ಇಲ್ಲ.

ದರ ಕಟ್ಟುವುದು

ಇಲ್ಲಿ ಎಲ್ಲರೂ ಎಡವುತ್ತಾರೆ. ಒಂದೋ ಬೆಂಗಳೂರಿನ ಹೆಸರಾಂತರ ದರ ಕೇಳಿ ಅದನ್ನೇ ಬರೆಯುತ್ತಾರೆ, ಇಲ್ಲವೇ ಯಾರೋ ಸಂಬಂಧಿಕರು ಕೇಳಿದರೆಂದು ಬಣ್ಣದ ಖರ್ಚೂ ಹುಟ್ಟದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಬೇಕು. ಉದಾಹರಣೆಗೆ 24x36 ಇಂಚಿನ ಒಂದು ಅಕ್ರಿಲಿಕ್ ಚಿತ್ರ ಎನ್ನಿ. ಕ್ಯಾನ್ವಾಸಿಗೆ 900, ಬಣ್ಣಕ್ಕೆ 700, ಹೊರ ಚೌಕಟ್ಟಿಗೆ 1,200 ರೂಪಾಯಿ ಆಯಿತು. ಏಳು ದಿನದ ಕೆಲಸ. ಊರಿನ ಒಬ್ಬ ಒಳ್ಳೆಯ ಗೌಂಡಿಗೆ ಕೊಡುವ ಕೂಲಿಗಿಂತ ನಿಮ್ಮ ದಿನದ ಬೆಲೆ ಕಡಿಮೆಯಾಗಬೇಕಿಲ್ಲ. ದಿನಕ್ಕೆ 800 ಎಂದು ಹಿಡಿದರೂ 5,600. ಪ್ರದರ್ಶನದ ಒಟ್ಟು ಖರ್ಚು 24,000, ಚಿತ್ರಗಳು ಇಪ್ಪತ್ತು, ಅಂದರೆ ಒಂದರ ಪಾಲಿಗೆ 1,200. ಕೂಡಿಸಿದರೆ 9,600 ರೂಪಾಯಿ. ಇದು ನಿಮಗೆ ಕೈಗೆ ಬರಲೇಬೇಕಾದ ಮೊತ್ತ.

ಆದರೆ ಚೀಟಿಯ ಮೇಲಿನ ದರ ಇದಲ್ಲ. ನಾಳೆ ಇದೇ ಚಿತ್ರ ಗ್ಯಾಲರಿಗೆ ಹೋದರೆ ಅವರು ಮಾರಾಟದ ಹಣದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಇಟ್ಟುಕೊಳ್ಳುತ್ತಾರೆ. ಮೂರನೇ ಒಂದು ಪಾಲು ಹೋದಮೇಲೂ 9,600 ಉಳಿಯಬೇಕಾದರೆ ದರ 14,400 ಆಗಬೇಕು. ಮುಂಡರಗಿಯಲ್ಲೂ ಬೆಂಗಳೂರಿನಲ್ಲೂ ಮನೆಯಲ್ಲೂ ಅದೇ 14,400. ಊರಿಗೊಂದು ದರ ಇಟ್ಟರೆ ಗ್ಯಾಲರಿಯವರೂ ನಂಬುವುದಿಲ್ಲ, ಹೆಚ್ಚು ಕೊಟ್ಟು ಕೊಂಡವರೂ ಮರಳಿ ಬರುವುದಿಲ್ಲ. ಊರಲ್ಲಿ ನೇರವಾಗಿ ಮಾರಿದಾಗ ಉಳಿಯುವ ಹೆಚ್ಚಿನ ಹಣ ಮಾರಾಟವಾಗದೆ ಉಳಿದ ಚಿತ್ರಗಳ ಖರ್ಚನ್ನು ಹೊರುತ್ತದೆ. ಈ ಲೆಕ್ಕದಲ್ಲಿ ಚದರ ಇಂಚಿಗೆ 16-17 ರೂಪಾಯಿ ಬೀಳುತ್ತದೆ. ಬೇರೆ ಅಳತೆಗಳ ದರ ಅದರ ಆಸುಪಾಸಿನಲ್ಲಿರಲಿ, ಸಣ್ಣ ಚಿತ್ರಗಳಿಗೆ ಸ್ವಲ್ಪ ಹೆಚ್ಚು.

ಅಷ್ಟು ಕೊಡಲಾಗದ, ಆದರೆ ಮನಸಾರೆ ಮೆಚ್ಚಿದ ಜನ ಬರುತ್ತಾರೆ. ಅವರಿಗಾಗಿ ಸಣ್ಣ ಜಲವರ್ಣ, ಪೆನ್ನಿನ ರೇಖಾಚಿತ್ರ, ಲಿನೋಕಟ್ ಅಚ್ಚು, ಚಿತ್ರದ ಕಾರ್ಡುಗಳನ್ನು ಇಟ್ಟಿರಿ. ಅಚ್ಚಿನ ಕೆಲಸಕ್ಕೆ ಗದಗಿನಷ್ಟು ಅನುಕೂಲದ ಊರು ಸುತ್ತಲಿಲ್ಲ. ಮುದ್ರಣಾಲಯದಲ್ಲಿ ಮೊದಲ ಹಾಳೆ ಹೊರಬರುವಾಗ ಮೂಲಚಿತ್ರವನ್ನು ಪಕ್ಕದಲ್ಲಿ ಹಿಡಿದು ಬಣ್ಣ ಹೋಲಿಸಿಕೊಳ್ಳಿ. ಮೂರು ಕಂತಿನಲ್ಲಿ ಕೊಡುತ್ತೇನೆ ಎನ್ನುವ ಶಿಕ್ಷಕಿಗೆ ಇಲ್ಲ ಎನ್ನಬೇಡಿ. ಮುಂಗಡ ಪಡೆದು, ಚೀಟಿಗೆ ಕೆಂಪು ಚುಕ್ಕೆ ಹಚ್ಚಿ, ಕೊನೆಯ ಕಂತಿಗೆ ಚಿತ್ರ ಕೊಟ್ಟರಾಯಿತು.

ಮಾರಿದ ಮೇಲೂ ಉಳಿಯುವ ಹಕ್ಕು

ಚಿತ್ರಕಾರರಲ್ಲಿ ಬಹುತೇಕರಿಗೆ ಗೊತ್ತಿಲ್ಲದ್ದು, ಗೊತ್ತಿರಲೇಬೇಕಾದದ್ದು 1957ರ ಕೃತಿಸ್ವಾಮ್ಯ ಕಾಯ್ದೆ. ನಿಮ್ಮಷ್ಟಕ್ಕೆ ನೀವು ಬರೆದ ಚಿತ್ರವನ್ನು ಮಾರಿದಾಗ ಕೊಂಡವರಿಗೆ ಹೋಗುವುದು ಆ ಕ್ಯಾನ್ವಾಸು. ಅದನ್ನು ಕ್ಯಾಲೆಂಡರಿಗೆ, ಪುಸ್ತಕದ ಮುಖಪುಟಕ್ಕೆ, ಸೀರೆಯ ಪೆಟ್ಟಿಗೆಗೆ ಅಚ್ಚು ಹಾಕುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ನಿಮ್ಮ ನಂತರ 60 ವರ್ಷ ವಾರಸುದಾರರಲ್ಲಿರುತ್ತದೆ. ಆ ಹಕ್ಕನ್ನು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು, ಬಾಯಿಮಾತಿನದು ನಿಲ್ಲುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆಯೇ ಐದು ವರ್ಷ ಎಂದು ಹಿಡಿಯುತ್ತದೆ. ಕ್ಯಾಲೆಂಡರು ಮುದ್ರಿಸುವವರ ಜೊತೆ ಮಾತಾಡುವಾಗ ‘ಈ ಒಂದು ವರ್ಷದ ಕ್ಯಾಲೆಂಡರಿಗೆ, ಇಷ್ಟು ಪ್ರತಿಗೆ’ ಎಂದು ನಾಲ್ಕು ಸಾಲು ಬರೆಸಿಕೊಳ್ಳಿ.

ಹೇಳಿ ಬರೆಸಿದ ಚಿತ್ರದ ಮಾತು ಬೇರೆ. ಯಾರಾದರೂ ಹಣ ಕೊಟ್ಟು ತಮ್ಮ ತಂದೆಯವರ ಭಾವಚಿತ್ರವನ್ನೋ ಮಠದವರು ಹಿಂದಿನ ಗುರುಗಳ ಚಿತ್ರವನ್ನೋ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಕೃತಿಸ್ವಾಮ್ಯ ಮೊದಲಿನಿಂದಲೇ ಬರೆಸಿದವರದು. ಅದು 17ನೇ ಕಲಮು. ನಿಮ್ಮ ಮುಂದಿನ ಪುಸ್ತಕದಲ್ಲಿ ಆ ಚಿತ್ರ ಹಾಕಿಕೊಳ್ಳುವ ಆಸೆಯಿದ್ದರೆ ಮುಂಗಡ ಪಡೆಯುವ ದಿನವೇ ಆ ಮಾತು ಬರೆಯಿಸಿ. 53ಎ ಕಲಮಿನ ಪ್ರಕಾರ, ನೀವೇ ಮೊದಲ ಹಕ್ಕುದಾರರಾಗಿದ್ದ ಮೂಲಚಿತ್ರವನ್ನು ಕೊಂಡವರು ಮುಂದೆ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟ ಮಾಡಿದರೆ ಅದರಲ್ಲಿ ನಿಮಗೆ ಪಾಲುಂಟು, ಹೆಚ್ಚೆಂದರೆ ಶೇ 10. ಯಾವ ಚಿತ್ರ ಯಾರ ಮನೆಯಲ್ಲಿದೆ ಎಂಬ ದಾಖಲೆ ಇಲ್ಲದವರಿಗೆ ಈ ಕಲಮಿನಿಂದ ಏನೂ ಸಿಗುವುದಿಲ್ಲ.

ಗೋಡೆಚಿತ್ರ ಬರೆಯುವವರು 57ನೇ ಕಲಮನ್ನು ತಿಳಿದಿರಬೇಕು. ಕೃತಿಯನ್ನು ವಿರೂಪಗೊಳಿಸಿ ಕಲಾವಿದರ ಹೆಸರಿಗೆ ಕುಂದು ತಂದರೆ ಕೇಳುವ ಹಕ್ಕು ಅದು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಆ ಶಿಲ್ಪವನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಶಾಲೆಯ ಗೋಡೆಗೆ ತಿಂಗಳುಗಟ್ಟಲೆ ಬರೆದ ಚಿತ್ರದ ಮೇಲೆ ಮರುವರ್ಷ ಸುಣ್ಣ ಬಳಿಯುವ ನಮ್ಮ ಕಡೆಯ ಆಡಳಿತ ಮಂಡಳಿಗಳಿಗೂ ಇದು ಗೊತ್ತಿರುವುದು ಒಳ್ಳೆಯದು.

ದಿನದ ದುಡಿಮೆ

ಚಿತ್ರ ಮಾರಾಟವೊಂದರಿಂದಲೇ ಮೊದಲ ವರ್ಷಗಳಲ್ಲಿ ಮನೆ ನಡೆಯುವುದಿಲ್ಲ. ಇದನ್ನು ನೇರವಾಗಿ ಹೇಳಬೇಕು, ಇಲ್ಲವಾದರೆ ಒಳ್ಳೆಯ ಕೈಗಳು ಮೂರೇ ವರ್ಷಕ್ಕೆ ಕುಂಚ ಇಟ್ಟುಬಿಡುತ್ತವೆ. ಚೆನ್ನೈ ಹತ್ತಿರದ ಚೋಳಮಂಡಲ ಕಲಾವಿದರ ಗ್ರಾಮವನ್ನು 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಗೆಳೆಯರು ಕಟ್ಟಿದ್ದು ಬಾಟಿಕ್ ಬಟ್ಟೆಯಂಥ ಕರಕುಶಲ ಕೆಲಸದ ಹಣದಿಂದ. ಹಗಲು ಕೈಕೆಲಸ, ಉಳಿದ ಹೊತ್ತು ಸ್ವಂತ ಚಿತ್ರ. ನಮ್ಮ ನೆರೆಯಲ್ಲೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿ ಬನ್ನಿ. ಹಳ್ಳಿಯ ಬದುಕನ್ನೇ ಶಿಲ್ಪವಾಗಿಸಿದ ಆ ಜಾಗದಲ್ಲಿ ಎಷ್ಟೋ ಕಲಾವಿದರ ಕೈಗಳು ದುಡಿದಿವೆ.

ಇಲ್ಲಿ ಸಿಗುವ ಕೆಲಸಗಳಲ್ಲಿ ಮಕ್ಕಳ ಡ್ರಾಯಿಂಗ್ ತರಗತಿ ತಿಂಗಳ ಖಚಿತ ಆದಾಯ. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡುವವರಿಗೆ ಬೇಡಿಕೆ ಇದ್ದೇ ಇದೆ. ಭಾವಚಿತ್ರಕ್ಕೆ ಅರ್ಧ ಹಣ ಮೊದಲೇ ಪಡೆಯಿರಿ, ಎಷ್ಟು ಸಲ ತಿದ್ದುತ್ತೀರಿ ಎಂಬುದನ್ನೂ ಹೇಳಿಬಿಡಿ. ‘ಮೂಗು ಸ್ವಲ್ಪ ಉದ್ದ ಆತ್ರಿ’ ಎಂಬ ಮಾತಿಗೆ ಕೊನೆಯಿಲ್ಲ. ಶಾಲೆ, ಅಂಗನವಾಡಿಗಳ ಗೋಡೆ ಕೆಲಸಕ್ಕೆ ಚದರ ಅಡಿಯ ಲೆಕ್ಕದಲ್ಲಿ ದರ ಬರೆದು ಕೊಡಿ. ಬಣ್ಣ ಯಾರದು, ಅಟ್ಟಣಿಗೆ ಯಾರದು ಎಂಬುದೂ ಅದರಲ್ಲಿರಲಿ. ಸ್ವಂತ ಚಿತ್ರಕ್ಕೆ ವಾರದಲ್ಲಿ ಎರಡು ದಿನ ಮುಡಿಪಾಗಿಟ್ಟು, ಆ ಎರಡು ದಿನ ಯಾವ ಆರ್ಡರಿಗೂ ಬಿಟ್ಟುಕೊಡಬೇಡಿ. ಟರ್ಪೆಂಟೈನ್, ಥಿನ್ನರ್ ಬಳಸುವ ಕೋಣೆಗೆ ಎದುರುಬದುರು ಕಿಟಕಿ ತೆರೆದಿರಬೇಕು. ಅದೇ ಕೋಣೆಯಲ್ಲಿ ಮಗು ಮಲಗಿಸಬಾರದು.

ಮುಂದೆ ಓದಬೇಕೆನ್ನುವವರಿಗೆ 1964ರಲ್ಲಿ ಶುರುವಾದ ದಾವಣಗೆರೆಯ ದೃಶ್ಯಕಲಾ ಕಾಲೇಜು, ಬಾದಾಮಿ ಬನಶಂಕರಿಯಲ್ಲಿರುವ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಿಲ್ಪ ಮತ್ತು ವರ್ಣಚಿತ್ರಕಲಾ ವಿಭಾಗ ಹತ್ತಿರದವು.

ಬೆಂಗಳೂರಿನ ದಾರಿ

ಊರಲ್ಲಿ ಒಮ್ಮೆ ತೋರಿಸಿ ಆದಮೇಲೆ ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿಯಲ್ಲಿ ವಿಚಾರಿಸಿ. ನೋಡಿ ತಪ್ಪು ಹೇಳಬಲ್ಲ ಹಿರಿಯ ಚಿತ್ರಕಾರರು ಆ ಊರಲ್ಲಿದ್ದಾರೆ. ಬೆಂಗಳೂರಿಗೆ ಮೊದಲ ಸಲ ಹೋಗುವವರಿಗೆ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ತಕ್ಕದ್ದು. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು, ಆಯ್ಕೆ ಇರುತ್ತದೆ. ಒಂದೇ ಭಾನುವಾರದಲ್ಲಿ ಲಕ್ಷಾಂತರ ಜನ ಬರುತ್ತಾರೆ; ಸಾವಿರದ ಒಳಗಿನ ದರದ ಸಣ್ಣ ಚಿತ್ರಗಳು, ಯುಪಿಐ ಸಂಕೇತದ ಹಲಗೆ, ಬಿಸಿಲಿಗೊಂದು ಕೊಡೆ, ಜೊತೆಗೆ ಒಬ್ಬ ಗೆಳೆಯ ಇಲ್ಲದೆ ಹೋಗಬೇಡಿ. ಗೋಲಗುಂಬಜ್, ಹಂಪಿ ಎಕ್ಸ್‌ಪ್ರೆಸ್ ಎರಡೂ ಗದಗಿನ ಮೇಲೆ ಹಾಯುತ್ತವೆ. ಒಣಗಿದ ಕ್ಯಾನ್ವಾಸನ್ನು ಬಣ್ಣದ ಮೈ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಬೇಕು. ಒಳಮುಖವಾಗಿ ಸುತ್ತಿದರೆ ಬಿಚ್ಚಿದಾಗ ಬಣ್ಣ ಬಿರುಕು ಬಿಡುತ್ತದೆ. ಚೌಕಟ್ಟಿನ ಚಿತ್ರಗಳಾದರೆ ಎರಡರ ನಡುವೆ ನಯವಾದ ಬಟರ್ ಪೇಪರ್ ಇರಲಿ, ಮೂಲೆಗಳಿಗೆ ರಟ್ಟು. ದಪ್ಪವಾಗಿ ಬಳಿದ ತೈಲವರ್ಣ ಆರು ತಿಂಗಳಾದರೂ ಪೂರ್ತಿ ಒಣಗಿರುವುದಿಲ್ಲ, ಅದನ್ನು ಸುತ್ತಲೇಬಾರದು.

ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಕಲಾಪ್ರದರ್ಶನಕ್ಕೆ ಚಿತ್ರ ಕಳಿಸಿ. ಆಯ್ಕೆಯಾದರೆ ಕ್ಯಾಟಲಾಗಿನಲ್ಲಿ ಹೆಸರು ದಾಖಲಾಗುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನವರಿಗೆ ಎರಡು ವರ್ಷದ ವಿದ್ಯಾರ್ಥಿವೇತನವನ್ನೂ ಅದಕ್ಕೂ ಹಿರಿಯರಿಗೆ ಕಿರಿಯ, ಹಿರಿಯ ಫೆಲೋಶಿಪ್‌ಗಳನ್ನೂ ಕೊಡುತ್ತದೆ.

ಮೋಸವೂ ಇದೇ ದಾರಿಯಲ್ಲಿ ಕಾದಿರುತ್ತದೆ. ‘ನಿಮ್ಮ ಚಿತ್ರ ಅಂತರರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದೆ, ನೋಂದಣಿಗೆ 5,000 ಕಳಿಸಿ’ ಎಂಬ ಸಂದೇಶ ಬಂದರೆ ಕಳಿಸಬೇಡಿ. ನಿಮ್ಮ ಹಣದಲ್ಲೇ ಮಾಡಿಸಿದ ಫಲಕವನ್ನು ನಿಮಗೇ ಕೊಡುತ್ತಾರೆ. ವಿದೇಶದ ಕೊಳ್ಳುಗನೊಬ್ಬ ದರಕ್ಕಿಂತ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ವಾಪಸು ಮಾಡಿ ಎಂದರೆ ಅವನು ಕೊಳ್ಳುಗನಲ್ಲ. ಗ್ಯಾಲರಿಗೆ ಚಿತ್ರ ಬಿಟ್ಟುಬರುವಾಗ ಪಟ್ಟಿ, ದರ, ಕಮಿಷನ್, ಮರಳಿ ಕೊಡುವ ದಿನ, ಹಾನಿಯಾದರೆ ಯಾರ ಹೊಣೆ ಇಷ್ಟಕ್ಕೂ ಸಹಿ ಪಡೆಯದೆ ಬಾಗಿಲು ದಾಟಬೇಡಿ.

ಕೊಳ್ಳುವವರಿಗೆ

ಕೊಳ್ಳುವವರಿಗೂ ಎರಡು ಮಾತು. ಗೃಹಪ್ರವೇಶಕ್ಕೆ ಅಂಗಡಿಯಿಂದ ಅಚ್ಚು ಹಾಕಿದ ಏಳು ಕುದುರೆಗಳ ಪಟ ತರುವ ಬದಲು, ಅಷ್ಟೇ ಹಣಕ್ಕೆ ನಿಮ್ಮೂರಿನ ಕೈ ಬರೆದ ಸಣ್ಣ ಚಿತ್ರ ಸಿಗುತ್ತದೆ. ಇಷ್ಟವಾದದ್ದನ್ನೇ ಕೊಳ್ಳಿ, ಮುಂದೆ ಬೆಲೆ ಏರೀತೆಂದು ಕೊಳ್ಳಬೇಡಿ. ಹಿಂಬದಿಯಲ್ಲಿ ಚಿತ್ರಕಾರರ ಸಹಿ, ಹೆಸರು, ವರ್ಷ ಇದೆಯೇ ನೋಡಿ, ರಸೀದಿ ಕೇಳಿ ಪಡೆಯಿರಿ. ಒಲೆಯ ಹತ್ತಿರ, ದೇವರ ದೀಪದ ಮೇಲೆ, ನೇರ ಬಿಸಿಲು ಬೀಳುವಲ್ಲಿ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ತೂಗುಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಣ ಮೆತ್ತನೆಯ ಕುಂಚ ಸಾಕು.

ಕಡತ

ಪ್ರದರ್ಶನ ಮುಗಿದ ವಾರದಲ್ಲೇ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮುಂದೂಡುತ್ತಾರೆ: ದಾಖಲೆಗಳನ್ನು ಕಡತಕ್ಕೆ ಸೇರಿಸುವುದು. ಅದು ಏಕೆ ಬೇಕೆಂದು ಹೇಳುತ್ತೇನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ; ಸೇವಾಸಿಂಧು ಮೂಲಕ ಅರ್ಜಿ, ಗದಗಿನಲ್ಲಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ ಇದೆ. ಅರ್ಜಿಯ ಜೊತೆ ಇಷ್ಟು ವರ್ಷ ಕಲೆಯಲ್ಲಿ ದುಡಿದದ್ದಕ್ಕೆ ದಾಖಲೆ ಕೇಳುತ್ತಾರೆ. ಬದುಕಿಡೀ ಪರದೆ, ಬೋರ್ಡು ಬರೆದವರ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಇಪ್ಪತ್ತೈದರ ವಯಸ್ಸಿನಲ್ಲೇ ಒಂದು ಕಡತ ಮಾಡಿ. ಆಮಂತ್ರಣ ಪತ್ರಿಕೆ, ಪತ್ರಿಕೆಯಲ್ಲಿ ಬಂದ ಸುದ್ದಿಯ ದಿನಾಂಕವಿರುವ ತುಣುಕು, ಜಾಗ ಕೊಟ್ಟ ಸಂಸ್ಥೆಯ ಪತ್ರ, ರಸೀದಿಗಳ ನಕಲು, ಪ್ರತಿ ಚಿತ್ರದ ಫೋಟೋ ಮತ್ತು ಅದನ್ನು ಕೊಂಡವರ ವಿಳಾಸ ಅದರೊಳಗೆ ಹೋಗಲಿ. ನಿಮ್ಮ ಓಣಿಯಲ್ಲಿ ಅಂಥ ಹಿರಿಯ ಪೇಂಟರ್ ಒಬ್ಬರಿದ್ದರೆ, ಅವರು ಬರೆದ ಬೋರ್ಡು ಇನ್ನೂ ತೂಗುತ್ತಿರುವ ಅಂಗಡಿಯವರಿಂದ ಒಂದು ಪತ್ರ ಬರೆಸಿ, ಬೋರ್ಡಿನ ಫೋಟೋ ತೆಗೆದು, ಅವರ ಅರ್ಜಿಯನ್ನೂ ಈ ತಿಂಗಳೇ ತುಂಬಿಸಿಕೊಡಿ.